ಊರಿನ ಶಾಲೆ ಬರಿದಾಗುತ್ತಿದ್ದರೂ ಪ್ರಪಂಚದ ಜನಸಂಖ್ಯೆ ಏರುತ್ತಿರುವುದೇಕೆ?

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ನಾನು ಓದುವಾಗ ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದೆವು, ಈಗ ಏಳೇ ಮಕ್ಕಳಿದ್ದಾರೆ. ಮನೆಗೊಂದು ಅಥವಾ ಎರಡು ಮಗು, ಅವರೂ ಬೆಳೆದು ಬೆಂಗಳೂರು ಸೇರುತ್ತಾರೆ. ಅಡಿಕೆ ಕೊನೆ ತೆಗೆಯಲು ಜನ ಸಿಗುವುದಿಲ್ಲ, ಸಿಕ್ಕರೂ ಹೊರರಾಜ್ಯದವರು. ಪಂಚಾಯಿತಿಯಲ್ಲಿ ವಿಚಾರಿಸಿದರೆ ನಮ್ಮ ಊರಿನ ಲೆಕ್ಕದಲ್ಲಿ ಕಳೆದ ವರ್ಷ ನಾಲ್ಕು ಜನನ, ಹನ್ನೊಂದು ಮರಣ ದಾಖಲಾಗಿವೆ ಎಂದರು. ಹೀಗಿರುವಾಗ ಪ್ರಪಂಚದ ಜನಸಂಖ್ಯೆ ಏರುತ್ತಲೇ ಇದೆ, ಭಾರತ ಚೀನಾವನ್ನೂ ಮೀರಿಸಿತು ಎನ್ನುವುದು ಹೇಗೆ? ಈ ಏರಿಕೆ ಎಂದಾದರೂ ನಿಲ್ಲುವುದೇ? ಜನನ ದರ, ಫಲವತ್ತತೆ ದರ ಎಂಬ ಮಾತುಗಳ ಅರ್ಥವನ್ನೂ ತಿಳಿಸಿ.

ಉತ್ತರ: ನೀವು ಕಂಡದ್ದೂ ನಿಜ, ಕೇಳಿದ್ದೂ ನಿಜ. ಒಂದು ಪ್ರದೇಶದ ಜನಸಂಖ್ಯೆ ಬದಲಾಗುವುದು ಮೂರು ಕಾರಣಗಳಿಂದ ಮಾತ್ರ: ಜನನ, ಮರಣ ಮತ್ತು ವಲಸೆ. ಇಡೀ ಪ್ರಪಂಚವನ್ನು ಒಂದಾಗಿ ತೆಗೆದುಕೊಂಡರೆ ಯಾರೂ ಹೊರಗೆ ಹೋಗುವಂತಿಲ್ಲ, ಹೊರಗಿನಿಂದ ಬರುವಂತಿಲ್ಲವಾದ್ದರಿಂದ ಅಲ್ಲಿ ಜನನ ಮರಣಗಳ ವ್ಯತ್ಯಾಸವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಿಮ್ಮ ಊರಿನಂತಹ ಸಣ್ಣ ಘಟಕದಲ್ಲಿ ಮಾತ್ರ ಮೂರನೆಯದಾದ ವಲಸೆ ಉಳಿದೆರಡನ್ನೂ ನುಂಗಿಬಿಡಬಲ್ಲದು. ಈ ಮೂರರ ಹಿಂದೆ ನಿಂತು ಮೂರನ್ನೂ ನಡೆಸುವ ಇನ್ನೊಂದು ಸಂಗತಿಯಿದೆ, ಅದು ವಯೋರಚನೆ, ಅಂದರೆ ಆ ಜನರಲ್ಲಿ ಮಕ್ಕಳೆಷ್ಟು, ಹರೆಯದವರೆಷ್ಟು, ವೃದ್ಧರೆಷ್ಟು ಎಂಬ ಹಂಚಿಕೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಬಹುಪಾಲು ಈ ಹಂಚಿಕೆಯಲ್ಲೇ ಎಂಬುದು ನನ್ನ ಅಭಿಪ್ರಾಯ.

ಮೊದಲು ವಲಸೆಯನ್ನೇ ನೋಡೋಣ. 2001ರ ಜನಗಣತಿಯಲ್ಲಿ ನಿಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನರಿದ್ದರು, 2011ರಲ್ಲಿ 11,37,961. ಕಾಳಗವಿಲ್ಲದೆ, ಕ್ಷಾಮವಿಲ್ಲದೆ ಇಡೀ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಸುಮಾರು ಮೂರು ಸಾವಿರದಷ್ಟು ಕುಗ್ಗಿತು. ಆ ಅವಧಿಯಲ್ಲಿ ಅಲ್ಲಿ ಸತ್ತವರಿಗಿಂತ ಹುಟ್ಟಿದವರೇ ಹೆಚ್ಚು ಎಂಬುದನ್ನು ಮರೆಯಬಾರದು. ಜನನದಿಂದ ಮರಣವನ್ನು ಕಳೆದಾಗ ಉಳಿಯುವುದಕ್ಕೆ ಸಹಜ ಹೆಚ್ಚಳ ಎಂದು ಹೆಸರು. ಕೇವಲ ಲೆಕ್ಕಕ್ಕಾಗಿ ಅದನ್ನು ವರ್ಷಕ್ಕೆ ಸಾವಿರಕ್ಕೆ ಎಂಟರಂತೆ ಹಿಡಿದರೂ ಹತ್ತು ವರ್ಷಗಳಲ್ಲಿ ಸುಮಾರು 90 ಸಾವಿರ ಜನ ಹೆಚ್ಚಬೇಕಿತ್ತು. ಹೆಚ್ಚದಿರುವುದರಿಂದ ಅಷ್ಟೂ ಜನ, ಮೇಲೆ ಇನ್ನೂ ಮೂರು ಸಾವಿರ, ಜಿಲ್ಲೆಯಿಂದ ನಿವ್ವಳವಾಗಿ ಹೊರಗೆ ಹೋದರೆಂದು ತಿಳಿಯಬೇಕಾಗುತ್ತದೆ. ಅದೇ ದಶಕದಲ್ಲಿ ಶಿವಮೊಗ್ಗ ಜಿಲ್ಲೆ 16.43 ಲಕ್ಷದಿಂದ 17.53 ಲಕ್ಷಕ್ಕೆ, ಅಂದರೆ ಶೇಕಡಾ 6.7ರಷ್ಟು ಬೆಳೆಯಿತು. ಕೊಡಗು ಬೆಳೆದದ್ದು ಶೇಕಡಾ ಒಂದರಷ್ಟು. ಬೆಂಗಳೂರು ನಗರ ಜಿಲ್ಲೆ ಬೆಳೆದದ್ದು ಶೇಕಡಾ 47ರಷ್ಟು. ಇಡೀ ಕರ್ನಾಟಕದ ಸರಾಸರಿ ಶೇಕಡಾ 15.6 ಎಂದು ಪಠ್ಯಪುಸ್ತಕದಲ್ಲಿ ಓದುವ ಹುಡುಗನಿಗೆ ಈ ಅಂತರ ಕಾಣುವುದೇ ಇಲ್ಲ, ಏಕೆಂದರೆ ರಾಜ್ಯದೊಳಗೇ ನಡೆದ ವಲಸೆ ರಾಜ್ಯದ ಸರಾಸರಿಯಲ್ಲಿ ಕರಗಿಹೋಗಿರುತ್ತದೆ.

ಇಲ್ಲಿ ಎಣಿಕೆಯ ಕ್ರಮವನ್ನೂ ತಿಳಿದಿರುವುದು ಒಳ್ಳೆಯದು. ನಮ್ಮ ಜನಗಣತಿ ಪಡಿತರ ಚೀಟಿಯನ್ನಾಗಲೀ ಮತದಾರರ ಪಟ್ಟಿಯನ್ನಾಗಲೀ ನೋಡಿ ಎಣಿಸುವುದಿಲ್ಲ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಮನೆಮನೆಗೆ ಹೋಗಿ, ಆ ಅವಧಿಯಲ್ಲಿ ಯಾರು ಎಲ್ಲಿ ವಾಸವಾಗಿದ್ದರೋ ಅವರನ್ನು ಅಲ್ಲಿಯೇ ಎಣಿಸಿದರು. ಹೀಗಾಗಿ ಬೆಂಗಳೂರಿನ ಪಿಜಿಯಲ್ಲಿರುವ ನಿಮ್ಮ ಊರಿನ ಹುಡುಗ, ಹಬ್ಬಕ್ಕೆಲ್ಲ ಮನೆಗೆ ಬರುವವನೇ ಆದರೂ, ಲೆಕ್ಕದಲ್ಲಿ ಬೆಂಗಳೂರಿನವನು. 2011ರಲ್ಲಿ ಸಾವಿರ ಗಂಡಸರಿಗೆ ಶಿವಮೊಗ್ಗದಲ್ಲಿ 998, ಚಿಕ್ಕಮಗಳೂರಿನಲ್ಲಿ 1,008, ಕೊಡಗಿನಲ್ಲಿ 1,019 ಹೆಂಗಸರಿದ್ದರು ಎಂಬ ಅಂಕಿಗಳನ್ನು ಕಂಡು ನಾವು ಮಲೆನಾಡಿನವರು ಹೆಮ್ಮೆಪಡುವುದುಂಟು. ಹೆಮ್ಮೆಗೆ ಕಾರಣ ಇರಬಹುದು, ಆದರೆ ದುಡಿಮೆಗೆಂದು ಊರು ಬಿಟ್ಟವರಲ್ಲಿ ಗಂಡಸರು ಹೆಚ್ಚಾಗಿದ್ದರೂ ಲಿಂಗಾನುಪಾತ ಹೀಗೆಯೇ ಏರುತ್ತದೆ. ಹೆಣ್ಣುಮಕ್ಕಳನ್ನು ಸಮಾಜ ಹೇಗೆ ನೋಡುತ್ತಿದೆ ಎಂದು ತಿಳಿಯಬೇಕಾದವರು ಆರು ವರ್ಷದೊಳಗಿನ ಮಕ್ಕಳ ಲಿಂಗಾನುಪಾತವನ್ನು ನೋಡಬೇಕು, ಆ ವಯಸ್ಸಿನವರು ಕೆಲಸ ಹುಡುಕಿಕೊಂಡು ವಲಸೆ ಹೋಗುವುದಿಲ್ಲ.

ಶಾಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಏಳು ಮಕ್ಕಳೆಂಬ ಸಂಖ್ಯೆಯನ್ನು ನೇರವಾಗಿ ಜನನ ಕಡಿಮೆಯಾದುದರ ಅಳತೆಯೆಂದು ತೆಗೆದುಕೊಳ್ಳಬೇಡಿ. ದಂಪತಿಗಳು ಕಡಿಮೆ ಮಕ್ಕಳನ್ನು ಪಡೆಯುತ್ತಿರುವುದು ಒಂದು ಕಾರಣ, ಮಕ್ಕಳನ್ನು ಪಡೆಯುವ ವಯಸ್ಸಿನ ದಂಪತಿಗಳೇ ಊರಿನಲ್ಲಿ ಇಲ್ಲದಿರುವುದು ಎರಡನೆಯದು, ಬೆಳಿಗ್ಗೆ ಊರಿನ ತಿರುವಿಗೆ ಬಂದು ನಿಲ್ಲುವ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಮೂರನೆಯದು. ಮೂರನೆಯದಕ್ಕೂ ಜನಸಂಖ್ಯಾ ಶಾಸ್ತ್ರಕ್ಕೂ ಸಂಬಂಧವಿಲ್ಲ.

ಇನ್ನು ನೀವು ಕೇಳಿದ ಎರಡು ದರಗಳು. ಒಂದು ವರ್ಷದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆಯನ್ನು ಆ ವರ್ಷದ ನಡುಭಾಗದ ಜನಸಂಖ್ಯೆಯಿಂದ ಭಾಗಿಸಿ ಸಾವಿರಕ್ಕೆ ಇಷ್ಟು ಎಂದು ಹೇಳುವುದು ಜನನ ದರ. ಮರಣ ದರವೂ ಹೀಗೆಯೇ. ಆಯ್ದ ಊರು, ಬಡಾವಣೆಗಳ ಜನನ ಮರಣಗಳನ್ನು ಸತತವಾಗಿ ದಾಖಲಿಸುವ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2020ರಲ್ಲಿ ಭಾರತದ ಜನನ ದರ 19.5, ಮರಣ ದರ 6.0, ಆದ್ದರಿಂದ ಸಹಜ ಹೆಚ್ಚಳ ಸಾವಿರಕ್ಕೆ 13.5, ಅಂದರೆ ಶೇಕಡಾ 1.35. ಲೆಕ್ಕ ಸುಲಭ, ಆದರೆ ಈ ದರಗಳು ಮೋಸ ಮಾಡುತ್ತವೆ, ಏಕೆಂದರೆ ಭಾಜಕದಲ್ಲಿ ಎಂಬತ್ತರ ಅಜ್ಜಿಯೂ ಇದ್ದಾರೆ, ಎಂಟರ ಹುಡುಗನೂ ಇದ್ದಾನೆ. ಜಪಾನಿನಲ್ಲಿ ಜನರು ಸರಾಸರಿ 84 ವರ್ಷ ಬಾಳುತ್ತಾರೆ, ಆದರೂ ಅಲ್ಲಿನ ಮರಣ ದರ ಸಾವಿರಕ್ಕೆ 12ಕ್ಕಿಂತ ಹೆಚ್ಚು, ಭಾರತದ ಎರಡರಷ್ಟು. ಅಲ್ಲಿ ಆಸ್ಪತ್ರೆಗಳು ಕೆಟ್ಟಿವೆಯೆಂದು ಇದರ ಅರ್ಥವಲ್ಲ, ವೃದ್ಧರು ಹೆಚ್ಚಿದ್ದಾರೆ ಎಂದಷ್ಟೇ ಅರ್ಥ. ನಿಮ್ಮ ಊರಿನ ನಾಲ್ಕು ಜನನ, ಹನ್ನೊಂದು ಮರಣಗಳನ್ನೂ ಇದೇ ಕಣ್ಣಿನಿಂದ ನೋಡಬೇಕು.

ಈ ದೋಷವನ್ನು ತಪ್ಪಿಸುವುದಕ್ಕಾಗಿಯೇ ಒಟ್ಟು ಫಲವತ್ತತೆ ದರ ಎಂಬ ಅಳತೆಯಿದೆ. ಈಗಿರುವ ವಯೋವಾರು ಜನನ ಪ್ರಮಾಣಗಳೇ ಮುಂದುವರಿದರೆ ಒಬ್ಬ ಮಹಿಳೆ 15ರಿಂದ 49 ವರ್ಷದವರೆಗಿನ ತನ್ನ ಬಾಳಿನಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದನ್ನು ಅದು ಹೇಳುತ್ತದೆ. ಊರಿನಲ್ಲಿ ವೃದ್ಧರು ಎಷ್ಟೇ ಇರಲಿ, ಈ ಅಂಕಿ ಅದರಿಂದ ಕದಲುವುದಿಲ್ಲ. ಒಂದು ತಲೆಮಾರು ತನ್ನ ಜಾಗಕ್ಕೆ ಅಷ್ಟೇ ಸಂಖ್ಯೆಯ ಮುಂದಿನ ತಲೆಮಾರನ್ನು ಬಿಟ್ಟುಹೋಗಬೇಕಾದರೆ ಈ ದರ ಸುಮಾರು 2.1 ಇರಬೇಕು, ಇದನ್ನು ಬದಲಿ ಮಟ್ಟ ಎನ್ನುತ್ತಾರೆ. ಎರಡರ ಬದಲು 2.1 ಏಕೆಂದರೆ, ಸಹಜವಾಗಿಯೇ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ, ಹುಟ್ಟಿದ ಹೆಣ್ಣುಮಕ್ಕಳಲ್ಲೂ ಕೆಲವರು ತಾಯಂದಿರಾಗುವ ವಯಸ್ಸನ್ನು ಮುಟ್ಟುವುದಿಲ್ಲ. ಶಿಶು ಮರಣ ಹೆಚ್ಚಿರುವ ಸಮಾಜದಲ್ಲಿ ಬದಲಿ ಮಟ್ಟವೇ ಮೂರು ಅಥವಾ ಅದಕ್ಕಿಂತ ಮೇಲಿರುತ್ತದೆ. ನಮ್ಮ ಮುತ್ತಜ್ಜಿಯರು ಏಳೆಂಟು ಮಕ್ಕಳನ್ನು ಹೆತ್ತ ಕಾಲದಲ್ಲಿ ಜನಸಂಖ್ಯೆ ಏಕೆ ಸಿಡಿಯಲಿಲ್ಲ ಎನ್ನುವವರಿಗೆ ಇದೇ ಉತ್ತರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಒಟ್ಟು ಫಲವತ್ತತೆ ದರ 2.0, ಕರ್ನಾಟಕದ್ದು 1.7, ಬಿಹಾರದ್ದು ಸುಮಾರು 3. ಅಂದರೆ ದೇಶ ಈಗಾಗಲೇ ಬದಲಿ ಮಟ್ಟದ ಕೆಳಗಿಳಿದಿದೆ, ನಮ್ಮ ರಾಜ್ಯ ಅದಕ್ಕೂ ಮೊದಲೇ ಇಳಿದಿತ್ತು.

ಹಾಗಿದ್ದರೂ ಸಂಖ್ಯೆ ಏರುವುದೇಕೆ ಎಂಬ ನಿಮ್ಮ ಪ್ರಶ್ನೆಯ ತಿರುಳಿಗೆ ಈಗ ಬರೋಣ. ನೀವು ಅಡಿಕೆ ಬೆಳೆಗಾರರಾದ್ದರಿಂದ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಹತ್ತು ವರ್ಷ ಸತತವಾಗಿ ಸಸಿ ನೆಟ್ಟ ತೋಟದಲ್ಲಿ ಇವತ್ತು ಹೊಸ ಸಸಿ ನೆಡುವುದನ್ನು ನಿಲ್ಲಿಸಿದರೂ, ಈಗಾಗಲೇ ನೆಟ್ಟವು ಒಂದೊಂದಾಗಿ ಫಲಕ್ಕೆ ಬರುತ್ತಾ ಹೋಗುವುದರಿಂದ ಮುಂದಿನ ಹಲವು ವರ್ಷ ಫಸಲು ಏರುತ್ತಲೇ ಇರುತ್ತದೆ, ಇಳಿಯುವುದು ಹಳೆಯ ಮರಗಳು ಸಾಯತೊಡಗಿದ ಮೇಲೆ. ಜನಸಂಖ್ಯೆಯಲ್ಲೂ ಹೀಗೆಯೇ. 2011ರಲ್ಲಿ ಭಾರತೀಯರಲ್ಲಿ ನೂರಕ್ಕೆ ಸುಮಾರು 31 ಜನ 15 ವರ್ಷದೊಳಗಿನವರು. ಅವರಲ್ಲಿ ಬಹಳ ಜನ ಈಗ ಮದುವೆಯಾಗಿ ಒಂದೊಂದೋ ಎರಡೆರಡೋ ಮಕ್ಕಳನ್ನು ಪಡೆಯುತ್ತಿದ್ದಾರೆ. ತಾಯಿಗೆ ಮಕ್ಕಳು ಕಡಿಮೆ, ಆದರೆ ತಾಯಂದಿರೇ ಹೆಚ್ಚು. ಇತ್ತ ಅವರ ಅಜ್ಜ ಅಜ್ಜಿಯರು ಸಂಖ್ಯೆಯಲ್ಲಿ ಕಡಿಮೆಯಿದ್ದ ತಲೆಮಾರಿನವರು, ಮೇಲಾಗಿ ಹಿಂದಿನವರಿಗಿಂತ ಹೆಚ್ಚು ಕಾಲ ಬದುಕುವವರು, ಆದ್ದರಿಂದ ಮರಣಗಳ ಸಂಖ್ಯೆ ಸಣ್ಣದಾಗಿಯೇ ಉಳಿಯುತ್ತದೆ. ಜನಸಂಖ್ಯಾ ಶಾಸ್ತ್ರದಲ್ಲಿ ಇದನ್ನು ಜನಸಂಖ್ಯೆಯ ಆವೇಗ ಎಂದು ಕರೆಯುತ್ತಾರೆ. 2050ರವರೆಗೆ ಪ್ರಪಂಚದಲ್ಲಿ ಆಗಲಿರುವ ಹೆಚ್ಚಳದಲ್ಲಿ ಮೂರನೇ ಎರಡು ಪಾಲು ಈ ಆವೇಗದಿಂದಲೇ ಬರುವುದೆಂದು ವಿಶ್ವಸಂಸ್ಥೆ 2022ರಲ್ಲಿ ಅಂದಾಜು ಮಾಡಿತ್ತು. ಜನರು ಮಿತಿಮೀರಿ ಹೆರುತ್ತಿದ್ದಾರೆ ಎಂಬ ದೂರು ಈ ಕಾಲಕ್ಕೆ ಎಷ್ಟು ಹೊಂದುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಾಳೆಯೇ ಎಲ್ಲ ದೇಶಗಳೂ ಬದಲಿ ಮಟ್ಟಕ್ಕೆ ಇಳಿದರೂ ಆ ಹೆಚ್ಚಳದ ಬಹುಪಾಲು ನಿಲ್ಲುವುದಿಲ್ಲ.

ಈ ಆವೇಗ ಹುಟ್ಟಿದ್ದೆಲ್ಲಿ? ಮರಣ ದರ ಇಳಿದಲ್ಲಿ. ಜನನ ಏರಿದ್ದರಿಂದ ಜನಸಂಖ್ಯೆ ಏರಿತು ಎಂದು ಹಲವರು ತಿಳಿದಿದ್ದಾರೆ, ಆದರೆ ಚರಿತ್ರೆ ಬೇರೆ ಹೇಳುತ್ತದೆ. 1876–78ರ ಮಹಾಕ್ಷಾಮದ ಹಿಂದೆ ಮುಂದೆ ನಡೆದ ಎರಡು ಗಣತಿಗಳ ನಡುವೆ, ಅಂದರೆ 1871ರಿಂದ 1881ಕ್ಕೆ, ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದಿಂದ ಸುಮಾರು 42 ಲಕ್ಷಕ್ಕೆ ಕುಸಿಯಿತು. 1918ರ ಇನ್‌ಫ್ಲುಯೆಂಜಾ ಪಿಡುಗಿನಿಂದಾಗಿ 1911 ಮತ್ತು 1921ರ ನಡುವೆ ಇಡೀ ಭಾರತದ ಜನಸಂಖ್ಯೆಯೇ ಕೊಂಚ ಇಳಿಯಿತು. 1921ರ ನಂತರ ಅದು ಒಂದು ದಶಕದಲ್ಲೂ ಇಳಿದಿಲ್ಲವಾದ್ದರಿಂದ ಆ ವರ್ಷವನ್ನು ಮಹಾವಿಭಜಕ ವರ್ಷವೆನ್ನುತ್ತಾರೆ. ನಮ್ಮ ಮಲೆನಾಡಿನ ಕಥೆಯಲ್ಲಿ ಕ್ಷಾಮಕ್ಕಿಂತ ಚಳಿಜ್ವರದ ಪಾತ್ರ ದೊಡ್ಡದು. ಮಲೇರಿಯಾದಿಂದ ಇಲ್ಲಿನ ಊರುಗಳು ಸೊರಗುತ್ತಿದ್ದ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–1918), ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆಯೊಂದನ್ನು ಕೈಗೊಳ್ಳಬೇಕಾಯಿತು. ಸೊಳ್ಳೆ ಕೊಲ್ಲುವ ಡಿಡಿಟಿ ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಮಕ್ಕಳು ಉಳಿಯತೊಡಗಿದರು. ಆದರೆ ಎಷ್ಟು ಮಕ್ಕಳನ್ನು ಹೆರಬೇಕೆಂಬ ರೂಢಿ ಅಷ್ಟು ಬೇಗ ಬದಲಾಗುವುದಿಲ್ಲ. ಇನ್ನು ಮಕ್ಕಳು ಸಾಯುವುದಿಲ್ಲ ಎಂದು ಒಂದು ತಲೆಮಾರು ಕಣ್ಣಾರೆ ಕಂಡು ನಂಬಬೇಕು, ಹೆಣ್ಣುಮಕ್ಕಳು ಶಾಲೆಗೆ ಹೋಗಬೇಕು, ಮದುವೆಯ ವಯಸ್ಸು ಏರಬೇಕು, ಗರ್ಭನಿರೋಧಕ ಕೈಗೆ ಸಿಗಬೇಕು. ಮರಣ ಇಳಿದು ಜನನ ಇನ್ನೂ ಇಳಿಯದಿರುವ ಈ ನಡುಗಾಲದಲ್ಲೇ ಜನಸಂಖ್ಯೆ ಉಕ್ಕುತ್ತದೆ, ಎರಡೂ ಕೆಳಗಿನ ಮಟ್ಟದಲ್ಲಿ ಸಂಧಿಸಿದಾಗ ಉಕ್ಕು ಇಳಿಯುತ್ತದೆ. ಈ ಒಟ್ಟು ಪಯಣಕ್ಕೆ ಜನಸಂಖ್ಯಾ ಪರಿವರ್ತನೆ ಎಂದು ಹೆಸರು. ಯುರೋಪಿನ ದೇಶಗಳಿಗೆ ಇದನ್ನು ಮುಗಿಸಲು ಒಂದೂವರೆ ಶತಮಾನದಷ್ಟು ಕಾಲ ಹಿಡಿಯಿತು, ಕರ್ನಾಟಕ ಬಹಳ ಬೇಗ ಮುಗಿಸಿತು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿದ್ದು ಮೈಸೂರು ಸಂಸ್ಥಾನ, ಭಾರತ ಸರ್ಕಾರದ ಕುಟುಂಬ ಯೋಜನೆ ಬಂದದ್ದು 1952ರಲ್ಲಿ. ಇದನ್ನು ಈಗ ನೆನೆಯುವವರು ಕಡಿಮೆ.

ಜೀವಿತಾವಧಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ನಿರೀಕ್ಷಿತ ಜೀವಿತಾವಧಿ 32 ವರ್ಷದ ಆಸುಪಾಸಿನಲ್ಲಿತ್ತು, ಈಗ 70ರ ಹತ್ತಿರವಿದೆ. ಆಗ ಎಲ್ಲರೂ 32ಕ್ಕೆ ಸಾಯುತ್ತಿದ್ದರೆಂದು ತಿಳಿಯಬಾರದು. ಬಹಳ ಮಕ್ಕಳು ಹುಟ್ಟಿದ ವರ್ಷದೊಳಗೇ ತೀರಿಕೊಳ್ಳುತ್ತಿದ್ದುದರಿಂದ ಸರಾಸರಿ ತಗ್ಗಿತ್ತು, ಐದು ವರ್ಷ ದಾಟಿದವರಲ್ಲಿ ಅರವತ್ತು ಎಪ್ಪತ್ತು ಕಂಡವರು ಆಗಲೂ ಸಾಕಷ್ಟಿದ್ದರು.

ಈಗ ಪ್ರಪಂಚದ ಅಂಕಿಗಳು. ಮನುಷ್ಯರ ಸಂಖ್ಯೆ 100 ಕೋಟಿ ಮುಟ್ಟಿದ್ದು 1800ರ ಸುಮಾರಿಗೆ, 200 ಕೋಟಿ 1927ರ ಹೊತ್ತಿಗೆ, 300 ಕೋಟಿ 1960ರಲ್ಲಿ. ಅಲ್ಲಿಂದ 1974, 1987, 1999 ಮತ್ತು 2011ರಲ್ಲಿ ಒಂದೊಂದು ನೂರು ಕೋಟಿ ಸೇರಿ, 2022ರ ನವೆಂಬರ್ 15ನ್ನು ವಿಶ್ವಸಂಸ್ಥೆ 800 ಕೋಟಿಯ ದಿನವೆಂದು ಗುರುತಿಸಿತು. ನೀವು ಹೇಳಿದಂತೆ 2023ರಲ್ಲಿ ಭಾರತ ಚೀನಾವನ್ನು ಮೀರಿಸಿತು, ಅದಕ್ಕೆ ಹಿಂದಿನ ವರ್ಷವೇ ಚೀನಾದ ಜನಸಂಖ್ಯೆ ಇಳಿಯತೊಡಗಿತ್ತು. ಆದರೆ ಈ ಸಾಲನ್ನಷ್ಟೇ ನೋಡಿದರೆ ಓಟ ಇನ್ನೂ ಬಿರುಸಾಗಿದೆ ಎನ್ನಿಸುತ್ತದೆ. ಬೆಳವಣಿಗೆಯ ದರವನ್ನು ನೋಡಿದರೆ ಅದು 1960ರ ದಶಕದಲ್ಲೇ ಶೇಕಡಾ ಎರಡಕ್ಕೂ ಮೇಲೆ ಹೋಗಿ ತುದಿ ಮುಟ್ಟಿ, ಈಗ ಶೇಕಡಾ ಒಂದಕ್ಕಿಂತ ಕೆಳಗಿದೆ. ವರ್ಷಕ್ಕೆ ಸೇರುವ ತಲೆಗಳ ಸಂಖ್ಯೆಯೂ 1980ರ ದಶಕದ ಕೊನೆಯ ಹೊತ್ತಿಗೆ ಸುಮಾರು ಒಂಬತ್ತು ಕೋಟಿಗೇರಿ, ಈಗ ಏಳು ಕೋಟಿಗೆ ಇಳಿದಿದೆ: ವರ್ಷಕ್ಕೆ ಸುಮಾರು 13 ಕೋಟಿ ಜನನ, ಆರು ಕೋಟಿಗೂ ಮೀರಿದ ಮರಣ.

ದರಗಳ ಅರ್ಥ ಮನಸ್ಸಿಗೆ ತಟ್ಟಬೇಕಾದರೆ 70ನ್ನು ವಾರ್ಷಿಕ ಶೇಕಡಾ ದರದಿಂದ ಭಾಗಿಸಿ, ಎಷ್ಟು ವರ್ಷಕ್ಕೆ ಸಂಖ್ಯೆ ಇಮ್ಮಡಿಯಾಗುತ್ತದೆ ಎಂಬುದು ಬರುತ್ತದೆ. ಶೇಕಡಾ 2 ಇದ್ದರೆ 35 ವರ್ಷ, ಶೇಕಡಾ 0.9 ಇದ್ದರೆ 78 ವರ್ಷ. ಪತ್ರಿಕೆಗಳಲ್ಲಿ ಬರುವ ಜನಗಣತಿಯ ಅಂಕಿ ಹತ್ತು ವರ್ಷದ್ದು ಎಂಬುದನ್ನು ಮಾತ್ರ ಮರೆಯಬೇಡಿ. ಶಿವಮೊಗ್ಗದ 6.7 ಎಂಬುದು ವರ್ಷಕ್ಕೆ ಸುಮಾರು 0.65, ಅದೇ ವೇಗದಲ್ಲಿ ಜಿಲ್ಲೆ ಇಮ್ಮಡಿಯಾಗಲು ನೂರು ವರ್ಷವೂ ಸಾಲದು. ಬೆಂಗಳೂರಿಗೆ ಅದೇ ಲೆಕ್ಕದಲ್ಲಿ ಹದಿನೆಂಟು ವರ್ಷ ಸಾಕು.

ಏರಿಕೆ ನಿಲ್ಲುವುದೇ ಎಂದಿರಿ. ವಿಶ್ವಸಂಸ್ಥೆಯ 2024ರ ಅಂದಾಜಿನಲ್ಲಿ ಪ್ರಪಂಚದ ಜನಸಂಖ್ಯೆ 2080ರ ದಶಕದಲ್ಲಿ ಸುಮಾರು 1,030 ಕೋಟಿಗೆ ಏರಿ ಅಲ್ಲಿಂದ ನಿಧಾನವಾಗಿ ಇಳಿಯತೊಡಗುತ್ತದೆ. ಭಾರತ 2060ರ ದಶಕದಲ್ಲಿ ಸುಮಾರು 170 ಕೋಟಿ ಮುಟ್ಟಿ ಇಳಿಮುಖವಾಗುತ್ತದೆ. ಇದು ಜಾತಕವಲ್ಲ, ಫಲವತ್ತತೆ, ಮರಣ, ವಲಸೆಗಳು ಹೀಗೆ ಹೀಗೆ ಸಾಗಿದರೆ ಎಂಬ ಷರತ್ತಿನ ಲೆಕ್ಕ. ಮುಂದಿನ ಇಪ್ಪತ್ತು ವರ್ಷದ ಅಂದಾಜನ್ನು ಧೈರ್ಯವಾಗಿ ನಂಬಬಹುದು, ಏಕೆಂದರೆ ಆಗ ತಾಯಂದಿರಾಗುವವರಲ್ಲಿ ಹೆಚ್ಚಿನವರು ಈಗಾಗಲೇ ಹುಟ್ಟಿದ್ದಾರೆ. ಎಂಬತ್ತು ವರ್ಷದ ಅಂದಾಜಿಗೆ ಅಷ್ಟು ಬೆಲೆ ಕೊಡಲು ನಾನು ಸಿದ್ಧನಿಲ್ಲ. ದಕ್ಷಿಣ ಕೊರಿಯಾದ ಫಲವತ್ತತೆ 2023ರಲ್ಲಿ 0.72ಕ್ಕೆ ಕುಸಿಯುತ್ತದೆಂದು 1990ರ ದಶಕದಲ್ಲಿ ಊಹಿಸಿದವರನ್ನು ಹುಡುಕುವುದು ಕಷ್ಟ. ಇನ್ನೊಂದು ಕಡೆ ನೈಜರ್ ದೇಶದಲ್ಲಿ ಅದು ಈಗಲೂ ಆರರ ಆಸುಪಾಸಿನಲ್ಲಿದೆ. ಮುಂದಿನ ಹೆಚ್ಚಳ ಬಹುತೇಕ ನೈಜೀರಿಯಾ, ಕಾಂಗೊ, ಇಥಿಯೋಪಿಯಾ, ತಾಂಜಾನಿಯಾ, ಪಾಕಿಸ್ತಾನ ಮುಂತಾದ ಕೆಲವೇ ದೇಶಗಳಿಂದ ಬರಲಿದೆ.

ನಿಮ್ಮ ತೋಟಕ್ಕೆ ಬರುವ ಹೊರರಾಜ್ಯದ ಕೆಲಸಗಾರರನ್ನು ಇದೇ ಚಿತ್ರದ ಒಂದು ಮೂಲೆಯಲ್ಲಿ ಇಟ್ಟು ನೋಡಿ. ಕರ್ನಾಟಕದಲ್ಲಿ ಫಲವತ್ತತೆ ಮೊದಲು ಇಳಿದದ್ದರಿಂದ ಇಲ್ಲಿ ದುಡಿಯುವ ವಯಸ್ಸಿನವರ ಹೊಸ ಸಾಲು ತೆಳುವಾಗುತ್ತಿದೆ, ತಡವಾಗಿ ಇಳಿಯುತ್ತಿರುವ ಬಿಹಾರದಲ್ಲಿ ಆ ಸಾಲು ಇನ್ನೂ ದಟ್ಟವಾಗಿದೆ. ದುಡಿಯುವ ವಯಸ್ಸಿನ ನೂರು ಜನರಿಗೆ ಅವಲಂಬಿತರಾದ ಮಕ್ಕಳು ಮತ್ತು ವೃದ್ಧರು ಎಷ್ಟು ಎಂಬುದನ್ನು ಅವಲಂಬನೆ ಅನುಪಾತ ಎನ್ನುತ್ತಾರೆ. ಮಕ್ಕಳು ಕಡಿಮೆಯಾದಾಗ ಅದು ಮೊದಲು ಇಳಿದು ಮನೆಗೂ ದೇಶಕ್ಕೂ ಹಗುರವಾಗುತ್ತದೆ, ಅದೇ ತಲೆಮಾರು ಮುಪ್ಪಾದಾಗ ಮತ್ತೆ ಏರುತ್ತದೆ. ಭಾರತ ಒಟ್ಟಾಗಿ ಇನ್ನೂ ಹಗುರದ ಕಾಲದಲ್ಲಿದೆ, ನಿಮ್ಮ ಊರು ವಲಸೆಯ ಕಾರಣದಿಂದ ಭಾರದ ಕಾಲಕ್ಕೆ ಮೊದಲೇ ಕಾಲಿಟ್ಟಿದೆ. ಎರಡು ಮಕ್ಕಳ ಕಾನೂನು ಬೇಕೆಂದು ಕೂಗುವವರು ಮಲೆನಾಡಿಗೆ ಬಂದು ವೃದ್ಧರಷ್ಟೇ ಇರುವ ಮನೆಗಳನ್ನು ಎಣಿಸಿದರೆ, ಇಲ್ಲಿಗೆ ಬೇಕಾದದ್ದು ರಾತ್ರಿಯ ಆಂಬುಲೆನ್ಸ್ ಮತ್ತು ದಾದಿಯರು ಎಂಬುದು ತಿಳಿದೀತು.

ಕೊನೆಯದಾಗಿ ಪಂಚಾಯಿತಿಯ ನಾಲ್ಕು ಮತ್ತು ಹನ್ನೊಂದು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನ ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ನಿಮ್ಮ ಊರಿನ ಗರ್ಭಿಣಿಯರು ಈಗ ಹೆರಿಗೆಗೆ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುವುದರಿಂದ ಆ ಮಕ್ಕಳ ಹೆಸರು ಆ ಪಟ್ಟಣಗಳ ಪುಸ್ತಕದಲ್ಲಿರುತ್ತದೆ, ಚೊಚ್ಚಲ ಹೆರಿಗೆಗೆ ತವರಿಗೆ ಹೋದವರದ್ದು ಇನ್ನೊಂದು ಜಿಲ್ಲೆಯಲ್ಲಿರಬಹುದು. ವೃದ್ಧರು ಬಹುಮಟ್ಟಿಗೆ ಮನೆಯಲ್ಲೇ ತೀರಿಕೊಳ್ಳುವುದರಿಂದ ಮರಣ ಮಾತ್ರ ನಿಮ್ಮ ಪಂಚಾಯಿತಿಯ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಆ ಎರಡು ಅಂಕಿಗಳನ್ನು ಒಂದರಿಂದ ಇನ್ನೊಂದನ್ನು ಕಳೆದು ಊರು ಕರಗುತ್ತಿದೆ ಎಂದು ತೀರ್ಮಾನಿಸುವಂತಿಲ್ಲ. ಆಶಾ ಕಾರ್ಯಕರ್ತೆಯರ ಬಳಿ ಊರಿನ ಗರ್ಭಿಣಿಯರ ಮತ್ತು ಲಸಿಕೆ ಪಡೆಯುವ ಶಿಶುಗಳ ಪಟ್ಟಿ ಇರುತ್ತದೆ, ಅಂಗನವಾಡಿಯಲ್ಲಿ ಆರು ವರ್ಷದೊಳಗಿನವರ ಪಟ್ಟಿ ಇರುತ್ತದೆ. ಅವುಗಳಿಂದ ಜನನಗಳನ್ನು ಎಣಿಸಿ, ಒಂದೇ ವರ್ಷದ ಅಂಕಿಗೆ ಜೋತುಬೀಳದೆ ಐದು ವರ್ಷದ ಮೊತ್ತ ತೆಗೆದುಕೊಂಡು, ಅದೇ ಐದು ವರ್ಷದ ಮರಣಗಳ ಪಕ್ಕದಲ್ಲಿಡಿ. ಊರು ಬಿಟ್ಟು ಹೋದವರನ್ನೂ ಹೊಸದಾಗಿ ಬಂದು ನೆಲೆಸಿದವರನ್ನೂ ಬೇರೆ ಅಂಕಣದಲ್ಲಿ ಬರೆದುಕೊಳ್ಳಿ. ಮುಂದಿನ ಜನಗಣತಿಗೆ ಕೇಂದ್ರ ಸರ್ಕಾರ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಪ್ರಕಟಿಸಿದೆ. ಅದರ ಗ್ರಾಮವಾರು ಅಂಕಿಗಳು ಹೊರಬಂದಾಗ ನಿಮ್ಮ ಲೆಕ್ಕವನ್ನು ಅವುಗಳೊಂದಿಗೆ ತಾಳೆ ನೋಡಬಹುದು.